ಹಿಂದಿನ ಸೀಟಿನ ಗಾಜು

ಲೋಕಯ್ಯನನ್ನು ಇನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದಿಲ್ಲವೆಂದು ಮಗ ಧನರಾಜ್ ತೀರ್ಮಾನಿಸಿದ್ದು ಚೆರ್ಕಳದಲ್ಲಿ ಒಂದು ಮಗು ಅತ್ತ ದಿನ.

ಮಂಗಳೂರಿನ ಆಸ್ಪತ್ರೆಯಿಂದ ಅಪ್ಪ, ಮಗ ಇಬ್ಬರೂ ಹಿಂತಿರುಗುತ್ತಿದ್ದರು. ಚೆರ್ಕಳದಲ್ಲಿ ಹತ್ತಿದ ಹೆಂಗಸೊಬ್ಬಳು ಎದುರಿನ ಸೀಟಿನಲ್ಲಿ ಕೂತಳು. ಅವಳ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ ಮಗು ಲೋಕಯ್ಯನ ಮುಖ ಕಂಡದ್ದೇ ಕಿಟಾರನೆ ಕಿರುಚಿತು. ತಾಯಿ ಏನೆಂದು ತಿಳಿಯದೆ ತಿರುಗಿ ನೋಡಿದಳು. ನೋಡಿದವಳು ಮಗುವಿನ ಕಣ್ಣು ಮುಚ್ಚಿ, ಎದ್ದು ಮುಂದಕ್ಕೆ ಹೋದಳು. ಲೋಕಯ್ಯ ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು, ಕಣ್ಣಿನಲ್ಲೇ ನಕ್ಕು, ಮಗನ ತೊಡೆ ತಟ್ಟಿದ. ಮಗನಿಗೆ ನಗು ಬರಲಿಲ್ಲ.

ಆ ರಸ್ತೆಯಲ್ಲಿ ಲೋಕಯ್ಯನ ಗುರುತಿಲ್ಲದವರು ಕಡಿಮೆ. ಮುಳ್ಳೇರಿಯಾ–ಕಾಸರಗೋಡು ಲೈನ್ ಬಸ್ಸನ್ನು ಅವನು ಹರೆಯದಿಂದ ಓಡಿಸಿದವನು. ಶಾಲೆಯ ಮಕ್ಕಳು ದೂರದಲ್ಲಿ ಓಡಿ ಬರುವುದು ಕಂಡರೂ ಬಸ್ ನಿಲ್ಲಿಸಿ ಕಾಯುತ್ತಿದ್ದ. ಟೈಮ್ ಹೋಯಿತೆಂದು ಕಂಡಕ್ಟರ್ ಚನಿಯ ಬೊಬ್ಬೆ ಹಾಕಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದಷ್ಟು ಹೊತ್ತೂ ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು. ಅದೇ ಬಾಯಿಯೊಳಗೆ ಹುಣ್ಣಾಯಿತು. ಡಾಕ್ಟರರು ಕೆಳದವಡೆಯ ಎಡಭಾಗವನ್ನೂ ಕೆನ್ನೆಯ ಒಂದು ತುಂಡನ್ನೂ ತೆಗೆದು, ಎದೆಯ ಮಾಂಸ ತಂದು ಹೊಲಿದರು. ಮುಖ ಒಂದು ಬದಿಗೆ ಕುಸಿಯಿತು. ಎಂಜಲು ನಿಲ್ಲುತ್ತಿರಲಿಲ್ಲ. ಮಾತು ಹೆಂಡತಿ ಅಮ್ಮುವಿಗೂ ಸೊಸೆ ಹರಿಣಾಕ್ಷಿಗೂ ಮಾತ್ರ ತಿಳಿಯುತ್ತಿತ್ತು.

ಆದರೂ ಮನೆಗೆ ಬಂದ ಮೇಲೆ ಅವನು ಒಳಗೆ ಕೂತವನಲ್ಲ. ಬೆಳಿಗ್ಗೆ ಹರಿಣಾಕ್ಷಿ ಗಾಯ ತೊಳೆದು ಬಟ್ಟೆ ಕಟ್ಟಿದ ಮೇಲೆ ಬೈರಾಸು ಸುತ್ತಿಕೊಂಡು ಕಾರಡ್ಕದ ಪೇಟೆಗೆ ಇಳಿಯುತ್ತಿದ್ದ. ಅಂಗಡಿಯ ಬೆಂಚಿನಲ್ಲಿ ಕೂತು ಪೇಪರು ಓದಿ, ಕಂಡವರಿಗೆ ಕೈ ಎತ್ತಿ, ಗಂಜಿಯ ಹೊತ್ತಿಗೆ ಹಿಂತಿರುಗುತ್ತಿದ್ದ.

ಧನರಾಜ್ ಕಾಸರಗೋಡಿನ ಟೈಲ್ಸ್ ಅಂಗಡಿಯೊಂದರಲ್ಲಿ ಸೂಪರ್‌ವೈಸರ್. ತಂಗಿ ರಶ್ಮಿತಾಳ ಮದುವೆಗೆಂದು ಕಟ್ಟುತ್ತಿದ್ದ ಚಿಟ್ಟಿಯ ಹಣ ಎತ್ತಿ, ಎರಡು ಸಾವಿರದ ಹನ್ನೆರಡರ ಜನವರಿಯಲ್ಲಿ ಹಳೆಯದೊಂದು ಬಿಳಿ ಕಾರು ತಂದ. ಅಪ್ಪನಿಗೆ ಇನ್ನು ದಿನಾ ಮಂಗಳೂರಿಗೆ ಹೋಗಿ ರೇಡಿಯೇಶನ್ನಿನ ಕರೆಂಟು ಕೊಡಿಸಿಕೊಳ್ಳುವುದಿತ್ತು.

"ಕರೆಂಟು ಕೊಟ್ಟ ಚರ್ಮಕ್ಕೆ ಬಿಸಿಲು ತಾಗಬಾರದು ಅಂದಿದ್ದಾರೆ. ಕೂಲಿಂಗ್ ಹಾಕಿಸಬೇಕು" ಎಂದ ಊಟದ ಹೊತ್ತಿಗೆ. ಕಾರಿನ ಗಾಜಿಗೆ ಅಂಟಿಸುವ ಕಪ್ಪು ಹಾಳೆಗೆ ಅಲ್ಲಿ ಎಲ್ಲರೂ ಹೇಳುವುದು ಕೂಲಿಂಗ್ ಎಂದೇ.

ಅಮ್ಮು ಗಂಡನಿಗಾಗಿ ಕುಚ್ಚಲಕ್ಕಿ ಗಂಜಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಬಂಗುಡೆ ಸಾರಿನ ಪಾತ್ರೆಯನ್ನು ಹರಿಣಾಕ್ಷಿ ಮಾವನ ಕಣ್ಣಿಗೆ ಬೀಳದಂತೆ ತನ್ನ ಬದಿಗೆ ಎಳೆದಿಟ್ಟುಕೊಂಡಿದ್ದಳು.

"ಹಾಕಿಸುವುದಾದ್ರೆ ಎದುರಿಗೂ ಕಪ್ಪೇ ಹಾಕಿಸಿ. ಬಿಸಿಲಿಗೆ ನನಗೆ ತಲೆನೋವು ಬರ್ತದೆ" ಎಂದಳು ಅವಳು.

"ಎದುರಿಗೆ ತೆಳು ಸಾಕು. ಪೊಲೀಸರು ನೋಡುವುದು ಎದುರಿಂದ."

"ಹಿಂದೆ?"

"ಹಿಂದಿನದ್ದು ನೋಡುವ."

ಶನಿವಾರ ಮಧ್ಯಾಹ್ನ ಸೊಸೈಟಿಯ ಕೆಲಸ ಮುಗಿಸಿ ಬಂದ ರಶ್ಮಿತಾಳನ್ನು ಧನರಾಜ್ ಕಾರು ಹತ್ತಿಸಿಕೊಂಡು ವಿದ್ಯಾನಗರಕ್ಕೆ ಹೋದ. ಅಲ್ಲಿ ಜನಾರ್ದನ ಎಂಬವನದು ಕಾರಿನ ಸೀಟ್ ಕವರು, ಕೂಲಿಂಗ್ ಇತ್ಯಾದಿಗಳ ಅಂಗಡಿ. ಜನಾರ್ದನ ಹಾಳೆಯ ತುಂಡುಗಳನ್ನು ಬಾನೆಟ್ಟಿನ ಮೇಲೆ ಹರಡಿದ.

"ನಂಬ್ರ ಕಡಿಮೆ ಆದ ಹಾಗೆ ಕಪ್ಪು ಜಾಸ್ತಿ. ಇದು ಐವತ್ತು. ಅರ್ಧ ಬೆಳಕು ಒಳಗೆ ಬರ್ತದೆ. ರೂಲ್ ಪ್ರಕಾರ ಸೈಡಿಗೆ ಇಷ್ಟೇ ಹಾಕಬಹುದು. ಇದು ಮೂವತ್ತೈದು, ಇದು ಇಪ್ಪತ್ತು."

"ಇದಕ್ಕಿಂತ ಕಪ್ಪು?"

"ಉಂಟು. ಆದ್ರೆ ಎಂತಕ್ಕೆ? ಹಿಂದೆ ಕೂರುವುದು ಯಾರು?"

"ಪೇಶೆಂಟ್ ಉಂಟು ಮಾರಾಯ. ಬಿಸಿಲು ಆಗುವುದಿಲ್ಲ."

"ಬಿಸಿಲಿಗೆ ಈ ಐವತ್ತೇ ಧಾರಾಳ ಆಯ್ತು."

ಧನರಾಜ್ ತಂಗಿಯನ್ನು ಕರೆದು, "ನೀನೊಮ್ಮೆ ಹಿಂದೆ ಕೂತ್ಕೋ" ಎಂದ.

ರಶ್ಮಿತಾ ಕೂತು ಬಾಗಿಲು ಹಾಕಿಕೊಂಡಳು. ಜನಾರ್ದನ ಹೊರಗಿನಿಂದ ಗಾಜಿನ ಮೇಲೆ ಹಾಳೆ ಹಿಡಿದ. ಧನರಾಜ್ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ.

"ಕಾಣ್ತದೆ" ಎಂದ.

ಇಪ್ಪತ್ತರ ಹಾಳೆ ಹಿಡಿದಾಗ ಹತ್ತಿರ ಬಂದು ಬಗ್ಗಿ ನೋಡಿದ. "ಮೂಗು, ಬಾಯಿ ಗೊತ್ತಾಗ್ತದೆ. ಇನ್ನೊಂದು ಹಿಡಿ."

ಒಳಗಿದ್ದ ರಶ್ಮಿತಾಳಿಗೆ ಅಣ್ಣ ಸರಿಯಾಗಿ ಕಾಣುತ್ತಿದ್ದ. ಹಣೆಯ ಮೇಲೆ ಕೈ ಅಡ್ಡ ಇಟ್ಟು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಅವಳ ಗಲ್ಲವನ್ನು ಹುಡುಕುತ್ತಿದ್ದ. ಕೊನೆಗೆ ಜನಾರ್ದನ ಅತ್ಯಂತ ಕಪ್ಪಿನದನ್ನು ಹಿಡಿದಾಗ ಅವನ ಮುಖ ಸಡಿಲವಾಯಿತು.

"ಇದು ಸಾಕು. ಹಿಂದಿನ ಎರಡು ಬಾಗಿಲಿಗೂ, ಡಿಕ್ಕಿಯ ಬದಿಯ ದೊಡ್ಡ ಗಾಜಿಗೂ ಇದೇ ಇರಲಿ. ಎದುರಿಗೆ ಐವತ್ತು."

"ಪೊಲೀಸರು ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ" ಎಂದು ಜನಾರ್ದನ ನೀರಿನ ಬಾಟ್ಲಿ ತೆಗೆದುಕೊಂಡ.

ಹಿಂತಿರುಗುವ ದಾರಿಯಲ್ಲಿ ಬೋವಿಕ್ಕಾನ ದಾಟಿದ ಮೇಲೆ ರಶ್ಮಿತಾ ಕೇಳಿದಳು: "ಬಿಸಿಲು ಒಳಗೆ ಎಷ್ಟು ಬರ್ತದೆ ಅಂತ ನೀನು ನೋಡಲೇ ಇಲ್ಲ. ನೋಡಿದ್ದು ನನ್ನ ಮುಖವನ್ನು. ಅಲ್ವಾ ಅಣ್ಣ?"

"ಸುಮ್ಮನೆ ಏನಾದ್ರೂ ಹೇಳ್ಬೇಡ."

"ಅಪ್ಪನಿಗೆ ಗೊತ್ತಾಗ್ತದೆ. ಅವರು ಡ್ರೈವರ್."

ಲೋಕಯ್ಯ ಅಂಗಳದಲ್ಲಿ ಕಾರಿಗೆ ಒಂದು ಸುತ್ತು ಬಂದ. ಎದುರಿನ ಗಾಜನ್ನು ಬೆರಳಿನಲ್ಲಿ ತಟ್ಟಿದ. ಹಿಂದಿನದರ ಎದುರು ನಿಂತು, ಒಳಗೆ ಏನೂ ಕಾಣದೆ, ಕಣ್ಣಿನ ಎರಡೂ ಬದಿಗೆ ಅಂಗೈ ಇಟ್ಟು ಇಣುಕಿದ. ಏನೋ ಹೇಳಿದ. ಅಮ್ಮು ಅದನ್ನು ಬಿಡಿಸಿ ಹೇಳಿದಳು:

"ಕತ್ತಲಾದ ಮೇಲೆ ಹಿಂದಿನ ಗಾಡಿ ನಿನಗೆ ಹೇಗೆ ಕಾಣ್ತದೆ ಅಂತ ಕೇಳ್ತಾರೆ."

"ಸೈಡ್ ಮಿರರ್ ಉಂಟಲ್ಲ ಅಪ್ಪ. ನಿಮ್ಮ ಚರ್ಮಕ್ಕೆ ಬಿಸಿಲು ತಾಗಬಾರದಲ್ವಾ, ಅದಕ್ಕೆ."

ಲೋಕಯ್ಯ ಮಗನನ್ನು ಸ್ವಲ್ಪ ಹೊತ್ತು ನೋಡಿದ. ತಲೆಯಾಡಿಸಿ ಒಳಗೆ ಹೋದ.

ಸೋಮವಾರ ಮಂಗಳೂರಿಗೆ ಹೊರಟರು. ಎದುರು ಧನರಾಜ್, ಹರಿಣಾಕ್ಷಿ. ಹಿಂದೆ ಲೋಕಯ್ಯ, ಅಮ್ಮು. ಬಸ್ ಸ್ಟಾಪಿನ ಹತ್ತಿರ ಎದುರಿಗೆ ಲೈನ್ ಬಸ್ ಬಂದು ರಸ್ತೆ ಕಟ್ಟಿತು. ಫುಟ್‌ಬೋರ್ಡಿನಿಂದ ಇಳಿದ ಚನಿಯ ಕಾರಿನ ಪಕ್ಕದಲ್ಲೇ ಬಂದು ನಿಂತ. ಲೋಕಯ್ಯ ಬೈರಾಸು ಕೆಳಗಿಳಿಸಿ, ಕೈ ಎತ್ತಿ ಆಡಿಸಿದ. ಚನಿಯ ಇವನ ಕಡೆಗೇ ನೋಡಿದ. ಕಿಸೆಯಿಂದ ಬಾಚಣಿಗೆ ತೆಗೆದು, ಗಾಜಿನಲ್ಲಿ ನೋಡುತ್ತಾ ತಲೆ ಬಾಚಿಕೊಂಡ. ಹಲ್ಲು ಕಿರಿದು ಮೀಸೆ ನೋಡಿಕೊಂಡ. ಬಸ್ಸಿಗೆ ಎರಡು ಸಲ ಬಡಿದು ಹತ್ತಿ ಹೋದ.

ಲೋಕಯ್ಯನ ಕೈ ಹಾಗೇ ಎತ್ತಿಕೊಂಡಿತ್ತು.

"ಗ್ಲಾಸ್ ಇಳಿಸಿ ಕರೆಯಬಹುದಿತ್ತಲ್ಲ" ಎಂದು ಅಮ್ಮು ಗಾಜು ಇಳಿಸುವ ಹಿಡಿಗೆ ಕೈ ಹಾಕಿದಳು.

"ಬೇಡಮ್ಮ, ಎ.ಸಿ. ಹಾಕಿದ್ದೇನೆ. ಧೂಳು ಬರ್ತದೆ" ಎಂದ ಧನರಾಜ್, ತಿರುಗದೆಯೇ.

ಅಮ್ಮು ಕೈ ತೆಗೆದಳು. ಲೋಕಯ್ಯ ಬೈರಾಸನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದುಕೊಂಡ. ತಲಪಾಡಿ ದಾಟಿದ ಮೇಲೆ ಒಂದೇ ಮಾತು ಹೇಳಿದ. ಅದನ್ನು ಅಮ್ಮು ಯಾರಿಗೂ ಬಿಡಿಸಿ ಹೇಳಲಿಲ್ಲ. ಎದುರಿನ ಸೀಟಿನಲ್ಲಿದ್ದ ಹರಿಣಾಕ್ಷಿಗೆ ಕೇಳಿಸಿತ್ತು, ತಿಳಿದೂ ಇತ್ತು. ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಳು.

ಮರುದಿನದಿಂದ ಲೋಕಯ್ಯ ಪೇಟೆಗೆ ಇಳಿಯಲಿಲ್ಲ. ಯಾರೂ ಕೇಳಲಿಲ್ಲ, ಕರೆಂಟು ಕೊಡುವುದರಿಂದ ಸುಸ್ತಾಗಿದೆ ಎಂದುಕೊಂಡರು. ಸುಸ್ತು ಇದ್ದದ್ದೂ ನಿಜ. ಸ್ವಲ್ಪ ದಿನದಲ್ಲಿ ತನ್ನ ಗಂಜಿಯ ಬಟ್ಟಲನ್ನು ಹಿಂದಿನ ಕೋಣೆಗೆ ತರಿಸಿಕೊಂಡ. ಅಂಗಳದಲ್ಲಿ ಚಪ್ಪಲಿಯ ಸದ್ದಾದರೆ ಎದ್ದು ಬಾಗಿಲು ಓರೆ ಮಾಡುತ್ತಿದ್ದ.

ಫೆಬ್ರವರಿಯ ಕೊನೆಗೆ ರಶ್ಮಿತಾಳನ್ನು ನೋಡಲು ಬೋವಿಕ್ಕಾನದವರು ಬಂದರು. ಹುಡುಗ ವಿಜೇತ್, ದುಬೈಯಲ್ಲಿ ಎಲೆಕ್ಟ್ರಿಷಿಯನ್. ಜೊತೆಗೆ ಅವನ ತಾಯಿ ದೇವಕಿ, ಒಬ್ಬ ಸೋದರಮಾವ. ಅವಲಕ್ಕಿ, ಬಾಳೆಹಣ್ಣು, ಚಾ ಆಯಿತು. ದೇವಕಿ ಆಚೀಚೆ ನೋಡಿ ಕೇಳಿದಳು:

"ಅಪ್ಪ ಎಲ್ಲಿ? ಕಾಣುವುದಿಲ್ಲ?"

"ಮಂಗಳೂರಿಗೆ ಹೋಗಿದ್ದಾರೆ. ಚಿಕಿತ್ಸೆ ನಡೀತಾ ಉಂಟು" ಎಂದ ಧನರಾಜ್.

ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಕೆಮ್ಮನ್ನು ಬಟ್ಟೆಯಲ್ಲಿ ಅದುಮಿಕೊಂಡದ್ದೂ ಕೇಳಿಸಿತು. ದೇವಕಿ ಚಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

ಅವರು ಗೇಟು ದಾಟಿದ್ದೇ ರಶ್ಮಿತಾ ಅಣ್ಣನ ಎದುರು ಬಂದು ನಿಂತಳು.

"ಅಪ್ಪ ಮಂಗಳೂರಿಗೆ ಹೋಗಿದ್ದಾರಾ? ಬಾಗಿಲ ಹಿಂದೆ ಇರುವವರು ಯಾರು ಹಾಗಾದ್ರೆ?"

"ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಮೊದಲ ದಿನವೇ ನೋಡಿ ಹೆದರಿದ್ರೆ?"

"ಹೆದರುವವರಾದ್ರೆ ನನಗೆ ಬೇಡ!"

"ಹೇಳ್ಲಿಕ್ಕೆ ಸುಲಭ. ಬಸ್ಸಿನಲ್ಲಿ ಆ ಮಗು ಕಿರುಚಿದ್ದು ನೀನು ನೋಡ್ಲಿಲ್ಲ. ಆ ಹೆಂಗಸು ಮಗುವಿನ ಕಣ್ಣು ಮುಚ್ಚಿದ್ದು ನೀನು ನೋಡ್ಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ. ಇನ್ನು ಯಾರೂ ಅವರನ್ನು ಹಾಗೆ ನೋಡಬಾರದು ಅಂತ ನನಗೆ."

ಲೋಟ ಎತ್ತುತ್ತಿದ್ದ ಹರಿಣಾಕ್ಷಿ ಅಲ್ಲಿಂದಲೇ ಹೇಳಿದಳು: "ಗಾಯ ತೊಳೆಯುವುದು ನಾನು ಮತ್ತು ಅತ್ತೆ. ನೀವು ಒಂದು ದಿನ ಆ ಬದಿ ನೋಡಿದ್ದುಂಟಾ? ಮಾತಾಡುವಾಗಲೂ ಬಲಬದಿಯಲ್ಲಿ ನಿಂತು ಮಾತಾಡ್ತೀರಿ."

"ನೀನು ಸುಮ್ಮನಿರು."

"ನಾನು ಸುಮ್ಮನೆಯೇ ಇದ್ದದ್ದು ಇಷ್ಟು ದಿನ. ಆವತ್ತು ಕಾರಿನಲ್ಲಿ ಮಾವ ಎಂತ ಹೇಳಿದ್ದು ಗೊತ್ತುಂಟಾ? 'ಮಗನಿಗೆ ನನ್ನಿಂದ ನಾಚಿಕೆ ಆಗುವುದು ನನಗೆ ಗೊತ್ತಾಗ್ಲಿಲ್ಲ, ನಾನು ಊರಿಡೀ ತಿರುಗಿದೆ' ಅಂತ."

ಧನರಾಜ್ ಹಿಂದಿನ ಕೋಣೆಯವರೆಗೆ ಹೋದ. ಬಾಗಿಲು ಓರೆಯಾಗಿತ್ತು. ಲೋಕಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆಯೋ ಎಚ್ಚರವೋ ತಿಳಿಯಲಿಲ್ಲ. ಧನರಾಜ್ ಹೊಸ್ತಿಲಲ್ಲಿ ನಿಂತು, ಕರೆಯದೆ, ಹಿಂತಿರುಗಿದ.

ಸಂಬಂಧ ಕೂಡಿಬಂತು. ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಮುಳ್ಳೇರಿಯಾದ ಒಂದು ಹಾಲ್‌ನಲ್ಲಿ ಮದುವೆ. ಬೆಳಿಗ್ಗೆ ಹರಿಣಾಕ್ಷಿ ಮಾವನಿಗೆ ಹೊಸ ಬಿಳಿ ಅಂಗಿ, ಪಂಚೆ ಉಡಿಸಿದಳು. ಲೋಕಯ್ಯ ತಾನಾಗಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಹಾಲ್‌ನ ಅಂಗಳದಲ್ಲಿ ಕಾರು ನಿಂತಿತು. ಅವನು ಇಳಿಯಲಿಲ್ಲ.

"ಬನ್ನಿ ಅಪ್ಪ. ಧಾರೆಗೆ ಹೊತ್ತಾಯಿತು" ಎಂದ ಧನರಾಜ್.

ಲೋಕಯ್ಯ ಕೈಯಾಡಿಸಿದ. ಏನೋ ಹೇಳಿದ.

"ನೀನೂ ಹರಿಣಾಕ್ಷಿಯೂ ಎರೆಯಿರಿ ಅಂತ ಹೇಳ್ತಾರೆ" ಎಂದಳು ಅಮ್ಮು.

"ಅಪ್ಪಾ, ನನ್ನದು ತಪ್ಪಾಯಿತು. ಒಮ್ಮೆ ಇಳಿಯಿರಿ."

ಲೋಕಯ್ಯ ಮಗನ ಕೆನ್ನೆ ಮುಟ್ಟಿದ. ಮೆಲ್ಲಗೆ, ಒಂದೊಂದೇ ಮಾತನ್ನು ಕಷ್ಟಪಟ್ಟು ಹೇಳಿದ. ಈ ಸಲ ಧನರಾಜನಿಗೆ ಅಮ್ಮ ಬಿಡಿಸಿ ಹೇಳಬೇಕಾಗಲಿಲ್ಲ.

"ಜನ ತುಂಬಿದ್ದಾರೆ. ನಿನಗೆ ಕಷ್ಟ ಆಗ್ತದೆ. ನನಗೆ ಇಲ್ಲಿಂದ ಎಲ್ಲ ಕಾಣ್ತದೆ."

ಅಲ್ಲಿಂದ ಕಾಣುತ್ತಿದ್ದದ್ದು ಹಾಲ್‌ನ ಬಾಗಿಲು, ಅಡಿಗೆಯವರು ತೊಳೆದಿಟ್ಟ ಕಡಾಯಿಗಳು, ಅಷ್ಟೇ.

ಅಮ್ಮು ಮಂಟಪಕ್ಕೂ ಕಾರಿಗೂ ಓಡಾಡಿದಳು. ಅಣ್ಣ, ಅತ್ತಿಗೆ ನಿಂತು ಧಾರೆ ಎರೆದರು. ಮುಗಿದದ್ದೇ ರಶ್ಮಿತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಟಪದಿಂದ ಇಳಿದಳು. ಹೆಂಗಸರು "ಎಲ್ಲಿಗೆ? ಎಲ್ಲಿಗೆ?" ಎನ್ನುತ್ತಿರುವಾಗಲೇ ಬಿಸಿಲಿಗೆ ಬಂದು ಕಾರಿನ ಎದುರು ನಿಂತಳು. ಗಾಜಿನಲ್ಲಿ ಅವಳದೇ ಮುಖ, ಮಲ್ಲಿಗೆ, ಕರಿಮಣಿ.

"ಅಪ್ಪಾ, ಗ್ಲಾಸ್ ಇಳಿಸಿ."

ಗಾಜು ಒಂದು ಅಂಗೈಯಷ್ಟು ಇಳಿದು ನಿಂತಿತು. ಕೈಯೊಂದು ಹೊರಗೆ ಬಂತು. ಬೆರಳುಗಳ ನಡುವೆ ಅಕ್ಷತೆ ಇತ್ತು, ಯಾವಾಗ ತೆಗೆದಿಟ್ಟುಕೊಂಡಿದ್ದನೋ. ರಶ್ಮಿತಾ ತಲೆ ಬಗ್ಗಿಸಿ ಆ ಕೈಯ ಕೆಳಗೆ ಇಟ್ಟಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಬೆರಳುಗಳು ಅವಳ ಬೈತಲೆಯ ಮೇಲೆ ಅಕ್ಷತೆ ಉದುರಿಸಿ ಅಲ್ಲೇ ಉಳಿದವು.

ವಿಜೇತ್ ಅವಳ ಹಿಂದೆಯೇ ಬಂದಿದ್ದ. ಗಾಜಿನ ಸಂದಿಗೆ ಬಗ್ಗಿ, "ಮಾವ, ನಾನು ನಿಮ್ಮ ಬಸ್ಸಿನಲ್ಲೇ ಶಾಲೆಗೆ ಹೋದದ್ದು. ನೀವು ಕಾಯದಿದ್ರೆ ನನಗೆ ದಿನಾ ಪೆಟ್ಟು ಬೀಳ್ತಿತ್ತು. ಒಮ್ಮೆ ಮುಖ ತೋರಿಸಿ" ಎಂದ.

ಕೈ ಅವನ ತಲೆಯನ್ನೂ ಮುಟ್ಟಿ ಒಳಗೆ ಹೋಯಿತು. ಗಾಜು ಏರಿತು.

ದೇವಕಿ ಧನರಾಜನ ಪಕ್ಕದಲ್ಲಿ ನಿಂತಿದ್ದಳು. "ಆವತ್ತು ನೀವು ಮಂಗಳೂರಿಗೆ ಹೋಗಿದ್ದಾರೆ ಅಂದಾಗ ನಾನು ಎಂತ ಹೇಳುವುದು?" ಎಂದಳು. "ಲೋಕಯ್ಯಣ್ಣನಿಗೆ ಆಪರೇಷನ್ ಆದದ್ದು ಈ ಲೈನಿನಲ್ಲಿ ಯಾರಿಗೆ ಗೊತ್ತಿಲ್ಲ? ಪೇಟೆಯ ಬೆಂಚಿನಲ್ಲಿ ನಾನೇ ಮಾತಾಡಿಸಿದ್ದೇನೆ. ಬಸ್ಸಿನ ಲೋಕಯ್ಯಣ್ಣನ ಮಗಳು ಅಂತ ಕೇಳಿಕೊಂಡೇ ನಾವು ಬಂದದ್ದು."

ಧನರಾಜ್ ಅಡಿಗೆಯ ಚಪ್ಪರದ ಹಿಂದೆ ಹೋಗಿ ನಳ್ಳಿಯಲ್ಲಿ ಮುಖ ತೊಳೆದುಕೊಂಡ. ಊಟಕ್ಕೆ ಕೂರಲಿಲ್ಲ.

ಮೇ ತಿಂಗಳಲ್ಲಿ ಕಾರಿನ ಗಾಜಿಗೆ ಏನೂ ಅಂಟಿಸಬಾರದೆಂದು ಸುಪ್ರೀಂ ಕೋರ್ಟಿನ ಆದೇಶ ಜಾರಿಗೆ ಬಂತು. ಚೆರ್ಕಳದಲ್ಲಿ ಪೊಲೀಸರು ಧನರಾಜನ ಕಾರು ನಿಲ್ಲಿಸಿ, ಹಿಂದಿನ ಗಾಜಿಗೆ ಲಾಠಿಯಲ್ಲಿ ತಟ್ಟಿ, ನಾಳೆಗೆ ಇದು ಇರಬಾರದೆಂದು ಮಲೆಯಾಳದಲ್ಲಿ ಹೇಳಿದರು. ಅವನಿಗೆ ಬೇಕಾದದ್ದೂ ಅದೇ. ಮನೆಗೆ ಬಂದವನೇ ಬಿಸಿನೀರು, ಬ್ಲೇಡು ಹಿಡಿದು ಅಂಗಳದಲ್ಲಿ ಕೂತ. ಹಾಳೆ ಚೂರುಚೂರಾಗಿ ಬಂತು. ಅಂಟು ಉಗುರಿನ ಸಂದಿಗೆ ಹೋಯಿತು. ಕೊನೆಗೆ ಗಾಜು ಗಾಜಿನ ಹಾಗೆ ಆದಾಗ ಹರಿಣಾಕ್ಷಿ ಬಂದು ಒಣ ಬಟ್ಟೆಯಲ್ಲಿ ಒರೆಸಿದಳು.

ಲೋಕಯ್ಯನ ಕುತ್ತಿಗೆಯಲ್ಲಿ ಆಗ ಹೊಸ ಗಂಟು ಕಾಣಿಸಿತ್ತು. ಮಂಗಳೂರಿನಲ್ಲಿ ಇಂಜೆಕ್ಷನ್ ಶುರುಮಾಡಬೇಕು, ತಡ ಮಾಡಬೇಡಿ ಎಂದಿದ್ದರು.

"ಅಪ್ಪಾ, ನೋಡಿ. ಎಲ್ಲ ತೆಗೆದೆ. ನೀವು ಎದುರು ಕೂರಿ, ನನ್ನ ಪಕ್ಕದಲ್ಲಿ. ಚನಿಯಣ್ಣ ಸಿಕ್ಕಿದ್ರೆ ನಿಲ್ಲಿಸುವ."

ಲೋಕಯ್ಯ ಕೋಣೆಯ ಕಿಟಕಿಯಿಂದಲೇ ಕಾರನ್ನು ನೋಡಿದ. ತಲೆಯಲ್ಲಾಡಿಸಿದ.

"ಯಾಕಪ್ಪ?"

"ಜನ ನೋಡ್ತಾರೆ ಅಂತ" ಎಂದಳು ಅಮ್ಮು.

"ನೋಡ್ಲಿ! ನೋಡಿದ್ರೆ ಎಂತ ಆಗ್ತದೆ?"

ಲೋಕಯ್ಯ ಹೇಳಿದ್ದನ್ನು ಅಮ್ಮು ಬಾಯಿ ಬಿಟ್ಟು ಹೇಳಲಾರದೆ ಸೆರಗು ಕಚ್ಚಿಕೊಂಡಳು. ಧನರಾಜನಿಗೆ ಅದು ಅರ್ಥವಾಗಿತ್ತು. "ನಾನು ಸಾಯುವವ. ನೀನು ಈ ಊರಿನಲ್ಲಿ ಬದುಕಬೇಕಾದವ."

ಧನರಾಜ್ ಬೇಡಿದ, ರೇಗಿದ, ಕಾಲು ಹಿಡಿದ. ರಶ್ಮಿತಾ ಬೋವಿಕ್ಕಾನದಿಂದ ಬಂದು ಅತ್ತಳು. ಆಂಬುಲೆನ್ಸ್ ತರಿಸುತ್ತೇನೆಂದು ಧನರಾಜ್ ಹೇಳಿದ್ದಕ್ಕೆ, ತರಿಸಿದರೆ ಗಂಜಿಯನ್ನೂ ಕುಡಿಯುವುದಿಲ್ಲವೆಂದು ಲೋಕಯ್ಯ ಸನ್ನೆ ಮಾಡಿದ. ಹರಿಣಾಕ್ಷಿ ನೋವಿನ ಮಾತ್ರೆ ಅರೆದು ಗಂಜಿಯ ತಿಳಿಯಲ್ಲಿ ಕದಡಿ ಕೊಡುತ್ತಿದ್ದಳು. ಮಳೆಗಾಲದ ಆಟಿ ತಿಂಗಳಲ್ಲಿ ತಿಳಿಯೂ ಇಳಿಯದಾಯಿತು. ಒಂದು ಬೆಳಿಗ್ಗೆ ಗಾಯ ತೊಳೆಯಲು ಬಿಸಿನೀರು ತಂದ ಹರಿಣಾಕ್ಷಿ, ಪಾತ್ರೆಯನ್ನು ನೆಲಕ್ಕಿಟ್ಟು, ಅತ್ತೆಯನ್ನು ಕರೆದಳು.

ಸುದ್ದಿ ಬಸ್ಸಿನಲ್ಲೇ ಹೋಯಿತು. ಹನ್ನೊಂದು ಗಂಟೆಗೆಲ್ಲ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಯ ಮಾಸ್ತರರು, ಮೀನು ಮಾರುವ ಹೆಂಗಸರು, ಸೊಸೈಟಿಯವರು, ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದ ಹಳೆಯ ಶಾಲೆಮಕ್ಕಳು. ಚಾವಡಿಯಲ್ಲಿ ಮಲಗಿಸಿದ ಲೋಕಯ್ಯನ ತಲೆಯಿಂದ ಕಾಲಿನವರೆಗೆ ಬಿಳಿ ವಸ್ತ್ರ ಹೊದಿಸಿತ್ತು.

"ಮುಖ ಒಮ್ಮೆ ನೋಡಬಹುದಾ?" ಎಂದು ಒಬ್ಬ ಮುದುಕ ಕೇಳಿದ. ಹಿಂದಿನಿಂದ ಇನ್ನಿಬ್ಬರು ಕೇಳಿದರು.

ಧನರಾಜ್ ಬಗ್ಗಿ ವಸ್ತ್ರದ ಅಂಚು ಹಿಡಿದ. ಅಮ್ಮು ಅವನ ಮಣಿಕಟ್ಟು ಹಿಡಿದಳು.

"ಬೇಡ ಮಗ. ಯಾರಿಗೂ ತೋರಿಸಬಾರದು ಅಂತ ಹೇಳಿದ್ದಾರೆ. ಮೊನ್ನೆ ನನ್ನ ಕೈ ಹಿಡಿದು ಹೇಳಿದ್ದು."

"ಅಮ್ಮಾ, ಇವರೆಲ್ಲ ನೋಡ್ಲಿಕ್ಕೆ ಬಂದದ್ದು."

"ಗೊತ್ತುಂಟು."

ಅವಳು ಕೈ ಬಿಡಲಿಲ್ಲ. ಧನರಾಜ್ ಎದ್ದು ನಿಂತು, "ಅಪ್ಪನಿಗೆ ಇಷ್ಟ ಇರಲಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬಂದವರು ಕಾಲಿನ ಬಳಿ ಹೂವಿಟ್ಟು, ಕಾಲು ಮುಟ್ಟಿ, ಇಳಿದು ಹೋದರು. ಯಾರೂ ಇನ್ನೊಮ್ಮೆ ಕೇಳಲಿಲ್ಲ.

ಎತ್ತುವ ಮೊದಲು ಮಗ ಬಾಯಿಗೆ ನೀರು ಬಿಡಬೇಕಿತ್ತು. ಅಮ್ಮು ಎಲ್ಲರನ್ನೂ ಅಂಗಳಕ್ಕೆ ಇಳಿಸಿ, ಬಾಗಿಲು ಎಳೆದುಕೊಂಡಳು. ಒಳಗೆ ಉಳಿದದ್ದು ಅವಳು, ಧನರಾಜ್, ಹರಿಣಾಕ್ಷಿ, ರಶ್ಮಿತಾ. ಹರಿಣಾಕ್ಷಿ ತುಳಸಿ ಹಾಕಿದ ನೀರಿನ ಲೋಟ ಗಂಡನ ಕೈಗೆ ಕೊಟ್ಟಳು.

ಧನರಾಜ್ ಎಡಬದಿಗೆ ಬಂದು ಮೊಣಕಾಲೂರಿ ಕೂತು ವಸ್ತ್ರ ಸರಿಸಿದ. ಹೊಲಿಗೆಯ ಗುರುತುಗಳು, ಕುಸಿದ ಗಲ್ಲ, ಬೆಳಿಗ್ಗೆ ತಂದಿಟ್ಟ ನೀರಿನಲ್ಲೇ ಹರಿಣಾಕ್ಷಿ ಆಮೇಲೆ ಶುಚಿಮಾಡಿದ್ದ ಗಾಯ. ಅವನು ಕಣ್ಣು ತೆಗೆಯದೆ ನೋಡಿದ. ತುಳಸಿಯ ಎಲೆಯಿಂದ ನೀರು ಬಿಟ್ಟ. ನೀರು ಬಾಯಿಯೊಳಗೆ ನಿಲ್ಲದೆ, ದವಡೆಯಿಲ್ಲದ ಬದಿಯಿಂದ ಹರಿದು ಕುತ್ತಿಗೆಗೆ ಇಳಿಯಿತು. ಮತ್ತೆ ಬಿಟ್ಟ. ಮತ್ತೆ ಹರಿಯಿತು. ಅವನು ಲೋಟ ಕೆಳಗಿಟ್ಟು, ಬರಿಯ ಅಂಗೈಯಿಂದ ಆ ಕೆನ್ನೆಯನ್ನು ಒರೆಸತೊಡಗಿದ.

ಅಮ್ಮು ಮುಂದೆ ಬಗ್ಗಿ ಅವನ ಕೈಗೆ ಕೈ ಅಡ್ಡ ತಂದಳು.

"ಮೆಲ್ಲಗೆ ಮಗ," ಎಂದಳು. "ಆ ಬದಿ ಅವರಿಗೆ ನೋಯ್ತದೆ."

ಧನರಾಜ್ ಮೆಲ್ಲಗೆ ಒರೆಸಿದ.